ಗುಂಗುರು ಕೂದಲು ಮತ್ತು ಕೋಲಾರದ ಗಡಸು ನೀರು

ಗುಂಗುರು ಕೂದಲು ಕೆದರಿ ನಿಂತಾಗ ಕೋಲಾರ ಜಿಲ್ಲೆಯ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ಎಣ್ಣೆ ಸಾಲದು ಎಂಬುದು. ಬ್ಯೂಟಿ ಪಾರ್ಲರಿನಲ್ಲಿ ಮೊದಲು ಕೇಳಿಬರುವ ಮಾತು ನೇರ ಮಾಡಿಸಿಕೊಳ್ಳಿ ಎಂಬುದು. ಎರಡೂ ಮಾತುಗಳು ಕೂದಲಿನಲ್ಲೇ ದೋಷವಿದೆ ಎಂದು ತಿಳಿದು ಹೊರಡುತ್ತವೆ. ಈ ಸೀಮೆಯಲ್ಲಿ ವಿಚಾರವನ್ನು ಬಚ್ಚಲುಮನೆಯ ನಲ್ಲಿಯಿಂದ ಆರಂಭಿಸುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರುಗಳಲ್ಲಿ ತಲೆಯ ಮೇಲೆ ಬೀಳುವ ನೀರು ಎಂಥದ್ದು, ಆ ನೀರಿನಲ್ಲಿ ತೊಳೆದ ಕೂದಲು ಯಾವ ಸ್ಥಿತಿಯಲ್ಲಿ ಒಣಗುತ್ತದೆ ಎಂಬುದು ಅರ್ಥವಾದರೆ ದುಬಾರಿ ಸೀಸೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಕೂದಲು ಗುಂಗುರಾಗಬೇಕೇ ನೇರವಾಗಬೇಕೇ ಎಂಬುದು ನೆತ್ತಿಯ ಚರ್ಮದೊಳಗೆ ನಿರ್ಧಾರವಾಗುತ್ತದೆ. ಪ್ರತಿ ಎಳೆಯೂ ಒಂದೊಂದು ಕೇಶಕೂಪದಿಂದ ಹುಟ್ಟುತ್ತದೆ. ನೇರ ಕೂದಲಿನವರಲ್ಲಿ ಈ ಕೇಶಕೂಪ ಬಹುಮಟ್ಟಿಗೆ ನೆಟ್ಟಗಿರುತ್ತದೆ. ಗುಂಗುರು ಕೂದಲಿನವರಲ್ಲಿ ಅದರ ಬುಡ ಬಾಗಿರುತ್ತದೆ. ಬಾಗಿದ ಕೂಪದಿಂದ ಹೊರಬರುವ ಎಳೆಯನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ದುಂಡಗಿರದೆ ಚಪ್ಪಟೆಯಾದ ಅಂಡಾಕಾರದಲ್ಲಿರುತ್ತದೆ, ಮತ್ತು ಸುರುಳಿಯ ಹೊರಬದಿಯ ಜೀವಕೋಶಗಳಿಗೂ ಒಳಬದಿಯ ಜೀವಕೋಶಗಳಿಗೂ ರಚನೆಯಲ್ಲಿ ವ್ಯತ್ಯಾಸವಿರುತ್ತದೆ. ಇದು ಅನುವಂಶೀಯವಾಗಿ ಬಂದದ್ದು. ಹರೆಯದಲ್ಲಿ, ಬಸಿರಿನಲ್ಲಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕೆಲವರ ಸುರುಳಿ ಸ್ವಲ್ಪ ಬದಲಾಗುವುದುಂಟು. ಹೊರಗಿನಿಂದ ಹಚ್ಚುವ ಯಾವ ಎಣ್ಣೆಯೂ ಲೇಪವೂ ಕೇಶಕೂಪದ ಬಾಗನ್ನು ತಿದ್ದಲಾರದು.

ಚರ್ಮದಿಂದ ಹೊರಬಂದ ಎಳೆಯಲ್ಲಿ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ನಾರು. ಒಳಗಿನ ತಿರುಳಿನ ಮೇಲೆ ತೆಳುವಾದ ಪದರಗಳು ಒಂದನ್ನೊಂದು ಅರ್ಧ ಮುಚ್ಚಿಕೊಂಡು, ತುದಿಯ ಕಡೆಗೆ ಮುಖ ಮಾಡಿ ಕುಳಿತಿರುತ್ತವೆ. ಇವುಗಳ ಮೇಲ್ಮೈಗೆ ಹುಟ್ಟಿನಿಂದಲೇ ಅಂಟಿಕೊಂಡ ಕೊಬ್ಬಿನ ಒಂದು ಲೇಪವಿದ್ದು ಅದು ನೀರನ್ನು ದೂರವಿಡುತ್ತದೆ ಮತ್ತು ಎಳೆಗಳು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಬ್ಲೀಚು, ಬಣ್ಣ, ತೀಕ್ಷ್ಣ ಕ್ಷಾರ, ಬಿಸಿ ಇಸ್ತ್ರಿ ಇವು ಆ ಲೇಪವನ್ನು ಕಿತ್ತುಹಾಕುತ್ತವೆ, ಒಮ್ಮೆ ಹೋದರೆ ಅದು ಮತ್ತೆ ಹುಟ್ಟುವುದಿಲ್ಲ. ನೆತ್ತಿಯಲ್ಲಿ ಒಸರುವ ಸಹಜ ಜಿಡ್ಡು ನೇರ ಕೂದಲಿನ ಮೇಲೆ ತುದಿಯವರೆಗೆ ಇಳಿಯುತ್ತದೆ. ಗುಂಗುರು ಕೂದಲಿನಲ್ಲಿ ತಿರುವುಗಳೇ ಅದಕ್ಕೆ ಅಡ್ಡಿ. ಆದ್ದರಿಂದ ಬುಡದಲ್ಲಿ ಜಿಡ್ಡು, ತುದಿಯಲ್ಲಿ ಒಣಕಲು ಎಂಬ ಸ್ಥಿತಿ ಗುಂಗುರು ಕೂದಲಿಗೆ ಸಹಜವಾದದ್ದು, ಅದನ್ನು ಆರೈಕೆಯ ಕೊರತೆ ಎಂದು ಮಕ್ಕಳನ್ನು ಗದರಿಸುವುದು ಅನ್ಯಾಯ.

ಇನ್ನು ಆಕಾರದ ವಿಚಾರ. ಪ್ರತಿ ಎಳೆಯೊಳಗಿನ ಕೆರಾಟಿನ್ ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಟ್ಟ ಬಂಧಗಳಲ್ಲಿ ಮುಖ್ಯವಾದವು ಎರಡು ಬಗೆಯವು. ಗಂಧಕದ ಬಂಧಗಳು ಗಟ್ಟಿ. ತೀಕ್ಷ್ಣ ರಾಸಾಯನಿಕವೋ ಅತಿಯಾದ ಬಿಸಿಯೋ ಇಲ್ಲದೆ ಅವು ಬಿಚ್ಚುವುದಿಲ್ಲ. ಹೈಡ್ರೋಜನ್ ಬಂಧಗಳು ದುರ್ಬಲ; ನೀರು ತಾಗಿದೊಡನೆ ಬಿಚ್ಚುತ್ತವೆ, ಒಣಗಿದೊಡನೆ ಮತ್ತೆ ಕೂಡುತ್ತವೆ. ಒದ್ದೆ ಕೂದಲನ್ನು ಹೆಣೆದು ಮಲಗಿದರೆ ಬೆಳಿಗ್ಗೆ ಅಲೆಅಲೆಯಾಗಿ ನಿಲ್ಲುವುದು ಇದರಿಂದಲೇ. ನೀರು ಹೀರಿದ ಎಳೆ ದಪ್ಪದಲ್ಲಿ ಸುಮಾರು 15 ಶೇಕಡಾ ಉಬ್ಬುತ್ತದೆ, ಉದ್ದದಲ್ಲಿ ಮಾತ್ರ ಒಂದೆರಡು ಶೇಕಡಾ ಬೆಳೆಯುತ್ತದೆ. ಮಳೆಗಾಲದ ಮುಂಜಾನೆ ಗಾಳಿಯಲ್ಲಿರುವ ತೇವವೂ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಆಗ ಪ್ರತಿ ಎಳೆ ತನಗೆ ತೋಚಿದಷ್ಟು ಉಬ್ಬಿ, ತೋಚಿದತ್ತ ತಿರುಗಿ, ಪಕ್ಕದ ಎಳೆಗಳ ಗುಂಪನ್ನು ಬಿಟ್ಟು ಹೊರಬರುತ್ತದೆ. ಪಾರ್ಲರುಗಳಲ್ಲಿ ಫ್ರಿಜ್ ಎಂದು ಕರೆಯುವ ಕೆದರುವಿಕೆ ಎಂದರೆ ಇಷ್ಟೇ: ಸುರುಳಿಯಾಗಿ ಒಟ್ಟಿಗೆ ಇರಬೇಕಾದ ಎಳೆಗಳು ಚದುರಿಹೋಗಿರುವುದು.

ಅಂದರೆ ಸುರುಳಿಯನ್ನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಎಳೆಗಳು ನೀರಿನಲ್ಲಿ ತಾವಾಗಿಯೇ ಗುಂಪುಗೂಡಿದ ಹೊತ್ತಿನಲ್ಲಿ ಆ ಗುಂಪನ್ನು ಕೆಡಿಸದೆ ಒಣಗಲು ಬಿಡಬೇಕು. ಗುಂಪು ಕೆಡುವುದಕ್ಕೆ ನಮ್ಮಲ್ಲಿ ಕಾರಣ ಎರಡು: ಎಳೆಯ ಮೇಲ್ಮೈಯನ್ನು ಒರಟಾಗಿಸುವ ನೀರು, ಮತ್ತು ಒದ್ದೆ ಕೂದಲನ್ನು ಉಜ್ಜಿ ಒಣಗಿಸುವ ಅಭ್ಯಾಸ.

ನೀರಿನ ವಿಚಾರಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿದಂತೆ ಜನ ಕೊಳವೆಬಾವಿಗಳನ್ನು ನಂಬಿದರು, ಮತ್ತು ಸಾವಿರ ಅಡಿ ಮೀರಿ ಕೊರೆಸುವುದು ಇಲ್ಲಿ ಆಶ್ಚರ್ಯದ ಸಂಗತಿಯಾಗಿ ಉಳಿದಿಲ್ಲ. ಗ್ರಾನೈಟ್ ಮತ್ತು ನೈಸ್ ಬಂಡೆಗಳ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಬಂಡೆಯ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಆ ಲವಣಗಳಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಿರುವ ನೀರನ್ನೇ ಗಡಸು ನೀರು ಎನ್ನುತ್ತೇವೆ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹ ಎನ್ನುತ್ತದೆ, ಬೇರೆ ಮೂಲವಿಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಸಹಿಸುತ್ತದೆ. ಕುಡಿಯಲು ತಕ್ಕದ್ದು ಎನಿಸಿಕೊಂಡ ನೀರೂ ಕೂದಲಿಗೆ ಸಾಕಷ್ಟು ಗಡಸಾಗಿರಬಹುದು ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ನೀರಿನ ಮಾತು ಬಂದಾಗಲೆಲ್ಲ ಫ್ಲೋರೈಡಿನ ಹೆಸರು ಬರುತ್ತದೆ, ಕೂದಲು ಹಾಳಾಗುವುದನ್ನೂ ಅನೇಕರು ಅದರ ಲೆಕ್ಕಕ್ಕೇ ಹಾಕುತ್ತಾರೆ. ಹಲ್ಲಿಗೆ ಮತ್ತು ಮೂಳೆಗೆ ಫ್ಲೋರೈಡ್ ಮಾಡುವ ಹಾನಿ ದೊಡ್ಡದು, ಅದನ್ನು ಕುಡಿಯುವ ನೀರಿನ ಪ್ರಶ್ನೆಯಾಗಿ ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಆದರೆ ನೀರು ಗಡಸಾಗುವುದು ಫ್ಲೋರೈಡಿನಿಂದ ಆಗುವುದಲ್ಲ. ಟಿಡಿಎಸ್ ಮೀಟರು ತೋರಿಸುವ ಸಂಖ್ಯೆಯೂ ಗಡಸುತನವನ್ನು ನೇರವಾಗಿ ಹೇಳುವುದಿಲ್ಲ, ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ಅಂದಾಜಿಸುತ್ತದೆ. ಮನೆಯಲ್ಲೇ ಪರೀಕ್ಷಿಸಬೇಕೆಂದರೆ ಬಾಟಲಿಯೊಂದರಲ್ಲಿ ಅರ್ಧ ನೀರು ತುಂಬಿ, ಸ್ನಾನದ ಸಾಬೂನಿನ ಸಣ್ಣ ಚೂರು ಹಾಕಿ, ಬಲವಾಗಿ ಕುಲುಕಿ ನೋಡಬಹುದು. ನೊರೆ ಬೇಗ ಇಳಿದು ನೀರು ಹಾಲಿನಂತೆ ಬಿಳುಚಿಕೊಂಡರೆ ಅದು ಗಡಸು. ನೀರು ಕಾಯಿಸುವ ಹಂಡೆಯ ತಳದಲ್ಲಿ, ಗೀಸರಿನ ಕಾಯಿಲಿನ ಮೇಲೆ ಕಟ್ಟುವ ಬಿಳಿ ಪದರವೂ ಇದಕ್ಕೇ ಸಾಕ್ಷಿ.

ಈ ಲವಣಗಳು ಕೂದಲಿಗೆ ಎರಡು ದಾರಿಯಲ್ಲಿ ಹತ್ತುತ್ತವೆ. ಸಾಬೂನು ಹಚ್ಚಿದರೆ ಅದರ ಕೊಬ್ಬಿನಾಮ್ಲ ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ಗಸಿಯಾಗುತ್ತದೆ, ಬಕೆಟ್ಟಿನ ಅಂಚಿಗೆ ಅಂಟುವ ಆ ಗಸಿಯೇ ಪ್ರತಿ ಎಳೆಗೂ ಅಂಟುತ್ತದೆ. ಶಾಂಪೂವಿನಲ್ಲಿ ಗಸಿಯ ತೊಂದರೆ ಕಡಿಮೆ, ಆದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಣಗಳು ತಾವಾಗಿಯೇ ಬಂದು ಕೂರುತ್ತವೆ. ಒದ್ದೆ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುತ್ತದೆ, ಈ ಕಣಗಳಲ್ಲಿರುವುದು ಧನ ವಿದ್ಯುದಂಶ. ಹೀಗಾಗಿ ಪರಸ್ಪರ ಸೆಳೆತ. ಬಣ್ಣ ಹಚ್ಚಿದ, ನೇರ ಮಾಡಿಸಿದ ಕೂದಲಿನಲ್ಲಿ ಋಣಾಂಶ ಹೆಚ್ಚು, ಆದ್ದರಿಂದ ಅದು ಲವಣವನ್ನೂ ಹೆಚ್ಚು ಹಿಡಿಯುತ್ತದೆ. ವಾರವಾರವೂ ಹೀಗೆ ಕೂತ ಲವಣದಿಂದ ಎಳೆ ಮುಟ್ಟಿದರೆ ಒರಟು, ಬಾಚಿದರೆ ಸಿಕ್ಕು, ಕಂಡೀಶನರ್ ಹಚ್ಚಿದರೂ ಜಾರದ ಸ್ಥಿತಿ. ಬೇರೆ ಊರಿನ ಹಾಸ್ಟೆಲಿಗೆ ಹೋದ ಮಗಳ ಕೂದಲು ಮೆತ್ತಗಾಯಿತು, ರಜೆಗೆ ಬಂದೊಡನೆ ಮತ್ತೆ ಕೆದರಿತು ಎಂದು ತಾಯಂದಿರು ಹೇಳುವ ಮಾತನ್ನು ನಾನು ಅಲಕ್ಷಿಸುವುದಿಲ್ಲ. ನೀರು ಬದಲಾದರೆ ಹಾಗಾಗುವುದು ಸಹಜ.

ಪರಿಹಾರವೆಂದು ಮಾರುವ ವಸ್ತುಗಳಲ್ಲಿ ಕೆಲವನ್ನು ಇಲ್ಲಿಯೇ ಬದಿಗಿಡಬಹುದು. ನಲ್ಲಿಗೆ ಸಿಕ್ಕಿಸುವ ಇದ್ದಿಲಿನ ಫಿಲ್ಟರು ಕ್ಲೋರಿನ್ನನ್ನು ಹಿಡಿಯುತ್ತದೆ, ಕ್ಯಾಲ್ಸಿಯಮ್ಮನ್ನು ಹಿಡಿಯುವುದಿಲ್ಲ. ಪಟಿಕ ಹಾಕಿದರೆ ಕದಡು ತಿಳಿಯಾಗುತ್ತದೆ, ಗಡಸುತನ ಹೋಗುವುದಿಲ್ಲ. ಅಯಾನು ವಿನಿಮಯ ಮಾಡುವ, ಅಂದರೆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದು ಬದಲಿಗೆ ಸೋಡಿಯಂ ಬಿಡುವ ಸಾಫ್ಟ್‌ನರ್ ಯಂತ್ರ ನಿಜವಾಗಿಯೂ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಹಣವೂ ಬೇಕು, ಆಗಾಗ ಉಪ್ಪೂ ಹಾಕುತ್ತಿರಬೇಕು. ನೀರನ್ನು ಚೆನ್ನಾಗಿ ಕುದಿಸಿ, ರಾತ್ರಿಯಿಡೀ ತಣಿಯಲು ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಬೈಕಾರ್ಬೊನೇಟಿನಿಂದ ಬಂದ ಗಡಸುತನದ ಬಹುಭಾಗ ತಳದಲ್ಲಿ ಉಳಿಯುತ್ತದೆ. ಸಲ್ಫೇಟ್ ಮತ್ತು ಕ್ಲೋರೈಡುಗಳಿಂದ ಬಂದದ್ದು ಕುದಿಸಿದರೂ ಹೋಗದು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಉಪಾಯ ಸರಳವಾದದ್ದು. ಹಳ್ಳಿಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ, ಅವು ಆರ್‌ಒ ವಿಧಾನದಿಂದ ಲವಣಗಳನ್ನು ಬಹುಮಟ್ಟಿಗೆ ತೆಗೆದ ನೀರನ್ನು ಕೊಡುತ್ತವೆ. ತಲೆಸ್ನಾನವನ್ನೆಲ್ಲ ಅದರಲ್ಲಿ ಮಾಡಬೇಕಾಗಿಲ್ಲ, ಮಾಡುವುದು ಸರಿಯೂ ಅಲ್ಲ. ಎಂದಿನಂತೆ ಕೊಳವೆಬಾವಿ ನೀರಿನಲ್ಲಿ ತೊಳೆದು, ಕೊನೆಯಲ್ಲಿ ಎರಡು ಲೀಟರು ಘಟಕದ ನೀರನ್ನು ನಿಧಾನವಾಗಿ ಸುರಿದುಕೊಂಡರೆ ಸಾಕು, ಏಕೆಂದರೆ ಕೂದಲಿನ ಮೇಲೆ ಒಣಗುವುದು ಕೊನೆಯ ನೀರು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯಲ್ಲಿ ಹೆಂಚಿನ ಮಾಡಿನಿಂದಲೋ ತಾರಸಿಯಿಂದಲೋ ಮೊದಲ ಕೊಳೆ ಹರಿದುಹೋದ ಮೇಲೆ ಹಿಡಿದ ಮಳೆನೀರು ಇದೇ ಕೆಲಸಕ್ಕೆ ಬರುತ್ತದೆ.

ಆ ಎರಡು ಲೀಟರಿನಲ್ಲಿ ಮೊದಲ ಲೀಟರಿಗೆ ಒಂದು ಟೀ ಚಮಚ ಸೋಸಿದ ನಿಂಬೆರಸ ಬೆರೆಸಬಹುದು. ನಿಂಬೆಯ ಸಿಟ್ರಿಕ್ ಆಮ್ಲ ಕ್ಯಾಲ್ಸಿಯಮ್ಮನ್ನು ಹಿಡಿದು ಬಿಡಿಸುತ್ತದೆ, ಜೊತೆಗೆ ಎಳೆಯ ಮೇಲ್ಪದರಗಳು ಮತ್ತೆ ಒತ್ತಿ ಕೂರುವಂತೆ ಮಾಡುತ್ತದೆ. ಇದೇ ನಿಂಬೆರಸವನ್ನು ಕೊಳವೆಬಾವಿ ನೀರಿಗೆ ನಾಲ್ಕು ಹನಿ ಹಾಕಿ ಫಲ ಕಾಣಲಿಲ್ಲ ಎನ್ನುವವರಿದ್ದಾರೆ. ಅದಕ್ಕೆ ಕಾರಣ ಸ್ಪಷ್ಟ: ಗಡಸು ನೀರಿನ ಬೈಕಾರ್ಬೊನೇಟ್ ಆ ಅಲ್ಪ ಆಮ್ಲವನ್ನು ಕೂದಲು ತಲುಪುವ ಮೊದಲೇ ನಿಸ್ತೇಜಗೊಳಿಸುತ್ತದೆ. ಒಂದೆರಡು ನಿಮಿಷ ಬಿಟ್ಟು ಉಳಿದ ಲೀಟರಿನಿಂದ ತೊಳೆಯಬೇಕು. ನಿಂಬೆರಸ ಕುತ್ತಿಗೆ, ಹಣೆಯ ಮೇಲೆ ಉಳಿದು ಬಿಸಿಲು ತಾಗಿದರೆ ಚರ್ಮ ಸುಟ್ಟಂತೆ ಕಪ್ಪಾಗುತ್ತದೆ, ಆ ಎಚ್ಚರಿಕೆ ಅಗತ್ಯ. ಈಗಾಗಲೇ ವರ್ಷಗಟ್ಟಲೆ ಲವಣ ಕೂತ ಕೂದಲಿಗೆ ತಿಂಗಳಿಗೊಮ್ಮೆ ಲವಣದ ಕಣಗಳನ್ನು ಹಿಡಿದು ಬಿಡಿಸುವ ಇಡಿಟಿಎ ಎಂಬ ರಾಸಾಯನಿಕ ಹೆಚ್ಚಿನ ಪ್ರಮಾಣದಲ್ಲಿರುವ ಚಿಲೇಟಿಂಗ್ ಶಾಂಪೂ ಬಳಸುವುದು ಒಳ್ಳೆಯದು. ಪ್ರತಿ ಸ್ನಾನಕ್ಕೂ ಅದನ್ನು ಬಳಸಿದರೆ ಕೂದಲು ಒಣಗುತ್ತದೆ.

ತೊಳೆಯುವ ಪದಾರ್ಥಗಳಲ್ಲಿ ನಮ್ಮ ಹಿರಿಯರ ಆಯ್ಕೆ ಈ ನೀರಿಗೆ ಚೆನ್ನಾಗಿಯೇ ಹೊಂದಿತ್ತು. ಸೀಗೆಕಾಯಿ, ಅಂಟುವಾಳ, ಬಯಲುಸೀಮೆಯ ಕುರುಚಲು ಕಾಡಿನ ಚಿಗರೆ ಎಲೆಯ ಪುಡಿ ಇವುಗಳಲ್ಲಿ ಕೊಳೆ ತೆಗೆಯುವುದು ಸಪೋನಿನ್ ಎಂಬ ಅಂಶ, ಅದು ಸಾಬೂನಿನ ಹಾಗೆ ಗಡಸು ನೀರಿನಲ್ಲಿ ಗಸಿ ಕಟ್ಟುವುದಿಲ್ಲ. ಚಿಗರೆ ಪುಡಿಯಲ್ಲಿ ಲೋಳೆಯ ಗುಣವೂ ಇರುವುದರಿಂದ ಎಳೆ ಜಾರುತ್ತದೆ. ಗುಂಗುರು ಕೂದಲಿನವರಿಗೆ ಇವುಗಳಿಂದ ಬರುವ ತೊಂದರೆ ಪುಡಿಯ ಕಣಗಳದ್ದು: ಅವು ಸುರುಳಿಗಳ ನಡುವೆ ಸಿಕ್ಕಿಕೊಂಡು, ಉದುರಿಸಲು ತಿಕ್ಕಿದಷ್ಟೂ ಕೂದಲು ಕೆದರುತ್ತದೆ. ಪುಡಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಮಾತ್ರ ನೆತ್ತಿಗೆ ಹಚ್ಚಿದರೆ ಆ ತೊಂದರೆಯಿಲ್ಲ. ಶಾಂಪೂ ಬಳಸುವವರೂ ನೊರೆಯನ್ನು ನೆತ್ತಿಗಷ್ಟೇ ತಿಕ್ಕಿ, ಉದ್ದಕ್ಕೆ ಅದು ಇಳಿದುಹೋಗಲು ಬಿಡಬೇಕು.

ಎಣ್ಣೆಯ ಬಗ್ಗೆ ಮನೆಯವರ ಮಾತು ಪೂರ್ತಿ ತಪ್ಪೇನಲ್ಲ, ಹೊತ್ತು ಮಾತ್ರ ತಪ್ಪು. ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲದ ಅಣುಗಳು ಚಿಕ್ಕವು ಮತ್ತು ನೇರವಾದವು, ಆದ್ದರಿಂದ ಅವು ಎಳೆಯೊಳಕ್ಕೆ ಇಳಿಯುತ್ತವೆ. ಕೊಬ್ಬರಿ ಎಣ್ಣೆ ಕೂದಲು ಪ್ರೋಟೀನು ಕಳೆದುಕೊಳ್ಳುವುದನ್ನು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ಎಣ್ಣೆ ಹಾಗೆ ಮಾಡುವುದಿಲ್ಲ ಎಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದು ತೋರಿಸಿತು. ಸ್ನಾನಕ್ಕೆ ಮೊದಲು ಹಚ್ಚಿದ ಎಣ್ಣೆ ಎಳೆ ಅತಿಯಾಗಿ ನೀರು ಹೀರಿ ಉಬ್ಬುವುದನ್ನು ತಡೆಯುತ್ತದೆ. ಸ್ನಾನದ ನಂತರ ಒಣಗಿ ಕೆದರಿದ ಕೂದಲಿಗೆ ಬಳಿಯುವ ಎಣ್ಣೆಯಿಂದ ಆ ಉಪಕಾರವಿಲ್ಲ, ಅದು ಚದುರಿದ ಎಳೆಗಳನ್ನು ಚದುರಿದಂತೆಯೇ ಮಲಗಿಸುತ್ತದೆ. ಹರಳೆಣ್ಣೆ ತುಂಬ ಮಂದ. ಉದ್ದನೆಯ ಗುಂಗುರು ಕೂದಲಿಗೆ ಅದೊಂದನ್ನೇ ಧಾರಾಳವಾಗಿ ಹಚ್ಚುವುದು ಸಿಕ್ಕಿಗೆ ದಾರಿ. ಹೊಟ್ಟಿನ ತೊಂದರೆಯಿರುವವರು ನೆತ್ತಿಗೆ ಎಣ್ಣೆ ಹಚ್ಚಲೇಬಾರದು, ಏಕೆಂದರೆ ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯ ಕೊಬ್ಬೇ ಆಹಾರ.

ಸಿಕ್ಕು ಬಿಡಿಸುವ ಕ್ರಮ ಗುಂಗುರು ಕೂದಲಿನಲ್ಲಿ ಬೇರೆಯೇ. ಒಣಗಿದಾಗ ಬಾಚಿದರೆ ಸುರುಳಿ ಒಡೆದು ಎಳೆಗಳು ಚದುರುತ್ತವೆ, ತುಂಡಾಗುವುದೂ ಹೆಚ್ಚು. ಕಂಡೀಶನರ್ ಹಚ್ಚಿ ಒದ್ದೆಯಿರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಿಂದ ಅಥವಾ ಬೆರಳುಗಳಿಂದ, ತುದಿಯಿಂದ ಆರಂಭಿಸಿ ಬುಡದ ಕಡೆಗೆ ಬಿಡಿಸಿಕೊಂಡು ಹೋಗಬೇಕು. ಕಂಡೀಶನರಿನಲ್ಲಿರುವ ಧನ ವಿದ್ಯುದಂಶದ ಅಣುಗಳು ಎಳೆಯ ಋಣಾಂಶಕ್ಕೆ ಅಂಟಿಕೊಂಡು, ಕಳೆದುಹೋದ ಸಹಜ ಲೇಪದ ಕೆಲಸವನ್ನು ಮುಂದಿನ ಸ್ನಾನದವರೆಗೆ ನಿರ್ವಹಿಸುತ್ತವೆ. ಇದಾದ ಮೇಲೆ ಮುಂದಿನ ಸ್ನಾನದವರೆಗೆ ಬಾಚಣಿಗೆ ಬೇಡ.

ನೀರು ಸೋರುತ್ತಿರುವ ಕೂದಲಿನಲ್ಲಿ ಎಳೆಗಳು ತಾವಾಗಿಯೇ ದಪ್ಪ ಸುರುಳಿಗಳಾಗಿ ಕೂಡುತ್ತವೆ. ಈ ಗುಂಪನ್ನು ಒಣಗುವವರೆಗೆ ಹಿಡಿದಿಡಲು ಒಂದು ಲೋಳೆ ಬೇಕು. ದಾಸವಾಳದ ಎಲೆ, ಮೆಂತ್ಯ, ಲೋಳೆಸರ ಎಲ್ಲವೂ ಸ್ವಲ್ಪಸ್ವಲ್ಪ ಸಹಾಯ ಮಾಡುತ್ತವೆ. ನನ್ನ ಮಟ್ಟಿಗೆ ಅಗಸೆ ಬೀಜಕ್ಕೆ ಸಮನಾದದ್ದಿಲ್ಲ. ಎರಡು ದೊಡ್ಡ ಚಮಚ ಅಗಸೆಯನ್ನು ಎರಡು ಲೋಟ ಘಟಕದ ನೀರಿನಲ್ಲಿ ಕೈಯಾಡಿಸುತ್ತಾ ಕುದಿಸಿ, ಚಮಚದಿಂದ ನೂಲಿನಂತೆ ಇಳಿಯುವ ಹದಕ್ಕೆ ಬಂದೊಡನೆ ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸೋಸಬೇಕು. ತಣಿದ ಮೇಲೆ ಅದು ಬಟ್ಟೆಯಿಂದ ಇಳಿಯುವುದಿಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು, ವಾಸನೆ ಬದಲಾದರೆ ಚೆಲ್ಲಬೇಕು. ಈ ಲೋಳೆಯನ್ನು ಒದ್ದೆ ಕೂದಲಿನ ಮೇಲೆ ಅಂಗೈಯಿಂದ ಸವರಿ, ತುದಿಯನ್ನು ಅಂಗೈಯಲ್ಲಿ ಹಿಡಿದು ನೆತ್ತಿಯ ಕಡೆಗೆ ಮೆಲ್ಲನೆ ಹಿಂಡುತ್ತಾ ಹೋದರೆ ಸುರುಳಿಗಳು ಸ್ಪಷ್ಟವಾಗುತ್ತವೆ. ಒಣಗಿದಾಗ ಕೂದಲು ಗರಿಗರಿಯಾಗಿ ಗಟ್ಟಿ ಎನಿಸುತ್ತದೆ, ಆಗ ಗಾಬರಿಯಾಗಬೇಕಿಲ್ಲ. ಲೋಳೆ ಒಣಗಿ ಕಟ್ಟಿದ ತೆಳು ಪೊರೆ ಅದು. ಪೂರ್ತಿ ಒಣಗಿದ ಮೇಲೆ ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ಹಿಂಡಿದರೆ ಪೊರೆ ಒಡೆದು ಮೆತ್ತನೆಯ ಸುರುಳಿ ಉಳಿಯುತ್ತದೆ.

ಒರೆಸುವ ಬಟ್ಟೆಯ ಬಗ್ಗೆ ಹೇಳಲೇಬೇಕು. ಕುರಿಯ ಉಣ್ಣೆಯನ್ನು ಒದ್ದೆ ಮಾಡಿ ಉಜ್ಜಿದರೆ ಪದರಗಳು ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿ ಕಂಬಳಿ ದಟ್ಟವಾಗುತ್ತದೆ. ಒರಟು ಟರ್ಕಿ ಟವೆಲಿನಲ್ಲಿ ತಲೆಯನ್ನು ಗಸಗಸ ಉಜ್ಜಿದಾಗ ನಮ್ಮ ಕೂದಲಿಗೆ ಆಗುವುದೂ ಅದೇ. ಹಳೆಯ ಹತ್ತಿ ಪಂಚೆ ಇದಕ್ಕೆ ಅತ್ಯುತ್ತಮ. ಅದರಲ್ಲಿ ಕೂದಲನ್ನು ಮೆಲ್ಲಗೆ ಅದುಮಿ ನೀರು ತೆಗೆದು, ಆಮೇಲೆ ಮುಟ್ಟದೆ ನೆರಳಿನಲ್ಲಿ ಒಣಗಲು ಬಿಡಬೇಕು. ಒಣಗುವ ಹೊತ್ತಿನಲ್ಲಿ ಬೆರಳಾಡಿಸುವ ಅಭ್ಯಾಸವೊಂದನ್ನು ಬಿಟ್ಟರೆ ಸಾಕು, ಅನೇಕರ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ. ರಾತ್ರಿ ಮಲಗುವಾಗ ಹಳೆಯ ರೇಷ್ಮೆ ಸೀರೆಯ ತುಂಡನ್ನು ದಿಂಬಿಗೆ ಹೊದಿಸಿದರೆ ಉಜ್ಜಾಟ ಕಡಿಮೆಯಾಗುತ್ತದೆ.

ಕಾಲಕ್ಕೆ ತಕ್ಕಂತೆ ಸ್ವಲ್ಪ ಬದಲಾವಣೆ ಬೇಕಾಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಇಲ್ಲಿನ ಗಾಳಿ ಬಹಳ ಒಣಗಿರುವುದರಿಂದ ಕಂಡೀಶನರನ್ನು ಪೂರ್ತಿ ತೊಳೆಯದೆ ತುದಿಗಳಲ್ಲಿ ತುಸು ಉಳಿಸಬಹುದು. ಮಳೆಗಾಲದಲ್ಲಿ ಗ್ಲಿಸರಿನ್ ಹೆಚ್ಚಿರುವ ಕ್ರೀಮುಗಳನ್ನು ದೂರವಿಡುವುದು ಲೇಸು. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಂಡು ಎಳೆಯನ್ನು ಇನ್ನಷ್ಟು ಉಬ್ಬಿಸುತ್ತದೆ.

ಶಾಲೆಗೆ ಹೋಗುವ ಹುಡುಗಿಯರಿಗೆ ಎರಡು ಜಡೆ ಕಡ್ಡಾಯವಿರುವ ಕಡೆಗಳಲ್ಲಿ, ಕೆದರಬಾರದೆಂದು ಹಣೆಯ ಚರ್ಮ ಎಳೆಯುವಷ್ಟು ಬಿಗಿಯಾಗಿ ಹೆಣೆಯುತ್ತಾರೆ. ವರ್ಷಗಟ್ಟಲೆ ಹೀಗೆ ಎಳೆದರೆ ಹಣೆಯಂಚಿನ ಕೇಶಕೂಪಗಳು ಕುಗ್ಗಿ ಕೂದಲು ಶಾಶ್ವತವಾಗಿ ತೆಳುವಾಗಬಹುದು. ಒದ್ದೆಯಿರುವಾಗ ಲೋಳೆ ಹಚ್ಚಿ ಸಡಿಲವಾಗಿ ಹೆಣೆದ ಜಡೆಯೂ ಸಂಜೆಯವರೆಗೆ ನಿಲ್ಲುತ್ತದೆ. ಇದ್ದಕ್ಕಿದ್ದಂತೆ ಕೂದಲು ಒರಟಾಗಿ ಉದುರತೊಡಗಿದರೆ ಥೈರಾಯ್ಡ್ ಕೊರತೆಯೋ ಕಬ್ಬಿಣಾಂಶದ ಕೊರತೆಯೋ ಇರಬಹುದು, ಆಗ ಚರ್ಮರೋಗ ತಜ್ಞರನ್ನು ಕಾಣುವುದೇ ಸರಿ.

ನೇರ ಮಾಡಿಸುವ ಚಿಕಿತ್ಸೆಗಳ ಬಗ್ಗೆ ನನ್ನ ನಿಲುವು ಕಠಿಣವಾದದ್ದು. ಶಾಶ್ವತವಾಗಿ ನೇರಗೊಳಿಸುವ ರಾಸಾಯನಿಕಗಳು ಗಂಧಕದ ಬಂಧಗಳನ್ನೇ ಒಡೆಯುತ್ತವೆ, ಎಳೆಯ ಬಲವನ್ನು ಅಲ್ಲಿಗೇ ಕುಂದಿಸುತ್ತವೆ. ಕೆರಾಟಿನ್ ಚಿಕಿತ್ಸೆ ಎಂಬ ಹೆಸರಿನಲ್ಲಿ ಬಳಸುವ ಕೆಲವು ದ್ರಾವಣಗಳು ಇಸ್ತ್ರಿಯ ಬಿಸಿಗೆ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ, ಅದು ಕ್ಯಾನ್ಸರ್‌ಕಾರಕವೆಂದು ವರ್ಗೀಕೃತವಾದ ವಸ್ತು. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ದಿನವಿಡೀ ಅದನ್ನು ಉಸಿರಾಡುವ ಪಾರ್ಲರಿನ ಹುಡುಗಿಯರ ಗತಿ ಗಿರಾಕಿಯದಕ್ಕಿಂತ ಕಷ್ಟದ್ದು. ಅದಕ್ಕೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲದ ದ್ರಾವಣಗಳಿಂದ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಇಷ್ಟೆಲ್ಲ ಆದ ಮೇಲೂ ಕೇಶಕೂಪ ಬಾಗಿಯೇ ಇರುವುದರಿಂದ ಬುಡದಲ್ಲಿ ಹೊಸ ಕೂದಲು ಗುಂಗುರಾಗಿಯೇ ಬರುತ್ತದೆ.

ಈಗಾಗಲೇ ನೇರ ಮಾಡಿಸಿಕೊಂಡು ಸಹಜ ಕೂದಲಿಗೆ ಮರಳಬೇಕೆನ್ನುವವರು ತಾಳ್ಮೆಯ ಲೆಕ್ಕ ಹಾಕಿಕೊಳ್ಳಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ, ಅಂದರೆ ಭುಜದವರೆಗೆ ಸಹಜ ಸುರುಳಿ ಬರಲು ಎರಡು ವರ್ಷಕ್ಕೂ ಹೆಚ್ಚು ಬೇಕು. ಆ ಅವಧಿಯಲ್ಲಿ ಗುಂಗುರು ಬುಡವೂ ನೇರ ತುದಿಯೂ ಕೂಡುವ ಜಾಗ ಅತ್ಯಂತ ದುರ್ಬಲವಾಗಿರುತ್ತದೆ, ಬಾಚುವಾಗ ಎಳೆ ಮುರಿಯುವುದು ಅಲ್ಲಿಯೇ. ಮೂರು ನಾಲ್ಕು ತಿಂಗಳಿಗೊಮ್ಮೆ ನೇರವಾದ ತುದಿಯನ್ನು ಸ್ವಲ್ಪಸ್ವಲ್ಪವೇ ಕತ್ತರಿಸುತ್ತಾ ಬರುವುದು, ಕತ್ತರಿಸುವಾಗ ಕೂದಲು ಒಣಗಿರುವಂತೆ ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಒದ್ದೆಯಿದ್ದಾಗ ಉದ್ದ ಕಾಣುವ ಸುರುಳಿ ಒಣಗಿದಾಗ ಬಹಳ ಮೇಲಕ್ಕೆ ಏರಿಬಿಡುತ್ತದೆ.